ರಂಜಿತಳ ಮಾತ್ರೆ

ಅವ್ವನಿಗೆ,

"ನೀನು ಬಾಯಿ ಬುಟ್ಬುಡ್ತೀಯ ಕಣಮ್ಮಿ, ತಂಗಿ ಮದ್ವೆಗೆ ಬರಬ್ಯಾಡ" ಎಂದೆಯಲ್ಲ, ಬರುವುದಿಲ್ಲ. ರಂಜಿತಳಿಗೆ ಫಿಟ್ಸ್ ಬರುತ್ತದೆಂದು ಜೀರಹಳ್ಳಿಯ ಬೀಗರಿಗೆ ನನ್ನಿಂದ ಗೊತ್ತಾಗುವುದೂ ಇಲ್ಲ.

ಮುಹೂರ್ತದವರೆಗೆ ಉಪವಾಸವೆಂದು ಅವಳ ಮಾತ್ರೆ ತಪ್ಪಿಸಬೇಡ. ಹಿಂದಿನ ರಾತ್ರಿ ನಿದ್ದೆಗೆಡಿಸಬೇಡ. ಮಂಟಪದಲ್ಲೇ ಬಿದ್ದರೆ ಅಂಗೈಗೆ ಕಬ್ಬಿಣ ತುರುಕಬೇಡ, ಒಂದು ಮಗ್ಗುಲಿಗೆ ಮಲಗಿಸು. ಮಾತ್ರೆಗಳನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟು ಕಳಿಸುತ್ತೀಯಲ್ಲ, ಅವು ಮುಗಿದ ದಿನ ಅವಳು ಆ ಮನೆಯಲ್ಲಿ ಯಾರನ್ನು ಕೇಳಬೇಕು?

ಮಗಳು ಪ್ರೈವೇಟ್ ಯೂನಿವರ್ಸಿಟಿಯಲ್ಲಿ ನರವಿಜ್ಞಾನ ಓದುತ್ತಾಳೆಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಅಕ್ಕ ಎಲ್ಲಿ ಎಂದು ಕೇಳಿದವರಿಗೆ ಪರೀಕ್ಷೆ ಎನ್ನು. ಸುಳ್ಳಲ್ಲ. ಮದುವೆಯ ದಿನವೇ ನನಗೆ ಮೌಖಿಕ ಪರೀಕ್ಷೆಯಿದೆ. ವಿಷಯ ಫಿಟ್ಸ್. ಅಲ್ಲಿ ಬಾಯಿ ಬಿಟ್ಟರೆ ಅಂಕ ಕೊಡುತ್ತಾರೆ.

ನಿನ್ನ ದೊಡ್ಡ ಮಗಳು,
ದಾಕ್ಷಾಯಿಣಿ