ಶುಕ್ರವಾರದ ರಜೆ

ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ

ಬಿಸಿನೀರು ಕುಡಿದಾಯಿತು. ನಾಲ್ಕು ಎಣಿಸುತ್ತ ಉಸಿರು ಒಳಗೆ, ನಾಲ್ಕು ಎಣಿಸುತ್ತ ಹೊರಗೆ — ಅದೂ ಆಯಿತು. ಮೂರನೇ ಸುತ್ತಿಗೇ ನಮ್ಮ ಆಫೀಸಿನ ಅಂಡರ್ ಸೆಕ್ರೆಟರಿಯ ಮುಖ ಕಣ್ಣೆದುರು ಬಂತು. ಹಾಳಾಗಲಿ.

ಬಿಪಿ ಇಳಿಯಲು ಡಿಸ್ಪೆನ್ಸರಿ ಡಾಕ್ಟರ್ ಹೇಳಿದ್ದರಲ್ಲಿ ನನಗೆ ಹಿಡಿಸಿದ್ದು ಒಂದೇ: ಸಂಜೆ ವಾಕಿಂಗ್ ಮಾಡಿ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ಯಾರ ಹತ್ತಿರವಾದರೂ ಹೇಳಿಕೊಳ್ಳಿ. ನನಗೆ ಸಿಕ್ಕಿರುವುದು ಸರಳಾ. ಹಿಂದಿನ ಬ್ಲಾಕಿನವಳು, ಹಾಸನದ ಕಡೆಯವಳು. ಗಂಡನಿಗೆ ಗುವಾಹಟಿಗೆ ಟ್ರಾನ್ಸ್‌ಫರ್. ಈ ಹಿಂದಿ ಊರಿನಲ್ಲಿ ಅವಳು, ಮಗಳು ಇಬ್ಬರೇ. ಕಿದ್ವಾಯಿ ನಗರದ ಪಾರ್ಕಿನಲ್ಲಿ ದಿನಾ ಐದು ಸುತ್ತು. ನಾನು ಹೇಳುತ್ತೇನೆ, ಅವಳು ಹೂಂಗುಟ್ಟುತ್ತಾಳೆ. ಮನೆಗೆ ಬರುವಷ್ಟರಲ್ಲಿ ತಲೆ ಹಗುರ.

ಅಕ್ಟೋಬರ್ 22, ಮಂಗಳವಾರ

ಆಫೀಸಿನಲ್ಲಿ ರಣರಂಗ. ಅದೇ ಫೈಲ್ ಮತ್ತೆ ವಾಪಸ್. ಸಂಜೆ ಎರಡನೇ ಸುತ್ತಿನಲ್ಲಿ ಸರಳಾ ಬೇವಿನ ಮರದ ಹತ್ತಿರ ನಿಂತಳು.

“ವೈಜೂ, ಶುಕ್ರವಾರ ನಿಂಗೆ ರಜೆ ಸಿಗುತ್ತೇನೇ?”

ರಜೆ! ಕೇಳಿದ್ದೇ ತಡ, ಮೈಯೆಲ್ಲ ಉರಿಯಿತು. “ರಜೆನಾ? ನಮ್ಮತ್ತೆ ತಿಥಿಗೇ ಅರ್ಧ ದಿನ ಕೊಟ್ಟಿದ್ದು ಕಣೇ ಆ ಮನುಷ್ಯ!” ಅಲ್ಲಿ ಶುರುವಾದದ್ದು ಗೇಟಿನವರೆಗೂ ನಿಲ್ಲಲಿಲ್ಲ. “ಅಚ್ಛಾ, ಆಯ್ತು ಬಿಡು” ಎಂದಳು ಸರಳಾ.

ಯಾಕೆ ಕೇಳಿದಳೋ, ವಿಚಾರಿಸಲು ಮರೆತೆ. ದೀಪಾವಳಿ ಶಾಪಿಂಗ್ ಇರಬೇಕು. ಒಳ್ಳೆಯ ನಿದ್ದೆ ಬರುತ್ತಿದೆ.

ಅಕ್ಟೋಬರ್ 28, ಸೋಮವಾರ

ಬಿಪಿ ನಾರ್ಮಲ್! ಏನು ಮಾಡುತ್ತಿದ್ದೀರೋ ಅದನ್ನೇ ಮುಂದುವರಿಸಿ ಎಂದರು ಡಾಕ್ಟರ್. ಮುಂದುವರಿಸುವುದು ಹೇಗೆ — ಸರಳಾ ವಾಕಿಂಗ್‌ಗೆ ಬರುತ್ತಿಲ್ಲ. “ಹೊಗೆ ಜಾಸ್ತಿ, ಸ್ವಲ್ಪ ದಿನ ಬರಲ್ಲ” ಎಂದು ಒಂದು ವಾಟ್ಸಾಪ್. ಈ ಊರಿನಲ್ಲಿ ಹೊಗೆ ಅವಳೊಬ್ಬಳಿಗೇ ಏನು? ನನಗೂ ಸಿಟ್ಟು ಬಂತು. ಬೇಕಿದ್ದರೆ ಅವಳೇ ಫೋನ್ ಮಾಡಲಿ.

ನವೆಂಬರ್ 17, ಭಾನುವಾರ

ಮಾರ್ಕೆಟ್‌ನಲ್ಲಿ ಲಾವಣ್ಯಾ ಸಿಕ್ಕಳು, ಸರಳಾಳ ಮಗಳು. ಕೈಯಲ್ಲಿ ಔಷಧಿಯ ಚೀಲ.

“ಆಂಟಿ, ಆಪ್‌ಕೋ ನಹೀ ಪತಾ? ಗೊತ್ತಿಲ್ವಾ? ಅಮ್ಮಂಗೆ ಆಪರೇಷನ್ ಆಯ್ತು. ಬ್ರೆಸ್ಟ್‌ನಲ್ಲಿ ಗಂಟು… ಕ್ಯಾನ್ಸರ್.”

ಯಾವಾಗ ಗೊತ್ತಾಯಿತು ಎಂದೆ.

“ಬಯಾಪ್ಸಿ ಲಾಸ್ಟ್ ಮಂತ್ ಆಯ್ತು. ದೀಪಾವಳಿಗೆ ಮುಂಚೆ, ಫ್ರೈಡೇ. ನಂಗೆ ಎಕ್ಸಾಮ್ ಇತ್ತು. ಅಮ್ಮ ಆಟೋದಲ್ಲಿ ಅಕೇಲೇ ಹೋದ್ರು, ಒಬ್ರೇ.”

ಶುಕ್ರವಾರ.

ನವೆಂಬರ್ 18, ಸೋಮವಾರ

ನೋಡಲು ಹೋದೆ. ನನ್ನ ಪುರಾಣ ತೆಗೆಯಬಾರದೆಂದು ಮೆಟ್ಟಿಲು ಹತ್ತುವಾಗಲೇ ತೀರ್ಮಾನಿಸಿದ್ದೆ. ಸರಳಾ ದಿಂಬಿಗೆ ಒರಗಿದ್ದಳು, ಮುಖ ಬಿಳಿಚಿಕೊಂಡಿತ್ತು. “ಆಫೀಸ್ ಹೇಗಿದೆಯೇ?” ಎಂದಳು. ಅಷ್ಟೇ.

ಅರ್ಧ ಗಂಟೆ ಹೇಳಿದೆ. ಅಂಡರ್ ಸೆಕ್ರೆಟರಿ, ಫೈಲು, ಎಲ್ಲ! ಅವಳು ಕಣ್ಣು ಮುಚ್ಚಿಕೊಂಡೇ ಹೂಂ, ಹೂಂ ಎನ್ನುತ್ತಿದ್ದಳು. ಕೊನೆಗೆ ಲಾವಣ್ಯಾ ಬಾಗಿಲಿಗೆ ಬಂದು, “ಆಂಟಿ, ಅಮ್ಮಂಗೆ ಸುಸ್ತಾಗಿದೆ” ಎಂದಳು.

ಇಂಥ ಹೆಂಗಸು ನಾನು. ನಾಚಿಕೆಯಾಗುತ್ತದೆ. ನನ್ನ ಬಿಪಿ ಎಲ್ಲಿಗೆ ಹೋಯಿತು ಎಂದು ಈಗ ಗೊತ್ತಾಯಿತು — ಅವಳ ತಲೆಯ ಮೇಲೆ ಇಳಿಸಿ ಬರುತ್ತಿದ್ದೆ, ದಿನಾ.

ನವೆಂಬರ್ 29, ಶುಕ್ರವಾರ, ಸಂಜೆ

ನಿನ್ನೆ ರಜೆ ಕೇಳಿದೆ. ಅಂಡರ್ ಸೆಕ್ರೆಟರಿ ಫೋನಿನಿಂದ ತಲೆ ಎತ್ತದೆ “ಠೀಕ್ ಹೈ” ಎಂದ. ಅಷ್ಟು ಸುಲಭ. ಅವತ್ತೂ ಕೊಡುತ್ತಿದ್ದನೋ ಏನೋ. ನಾನು ಕೇಳಿಯೇ ಇರಲಿಲ್ಲ.

ಸರಳಾಗೆ ಮೊದಲ ಕೀಮೋ. ಆಟೋದಲ್ಲಿ ನಾವಿಬ್ಬರೇ. ರಿಂಗ್ ರೋಡ್ ಜಾಮ್. ತುಟಿ ಕಚ್ಚಿಕೊಂಡು ಕೂತಿದ್ದೆ.

“ಯಾಕೇ ಸುಮ್ನಿದ್ದೀಯ?”

“ಇವತ್ತು ನೀನು ಹೇಳು ಸರಳಾ. ಏನಿದ್ರೂ ಹೇಳು.”

ಹೊರಗೆ ನೋಡುತ್ತಿದ್ದಳು. “ಅವತ್ತು ತುಂಬಾ ಇತ್ತು ಕಣೇ ಹೇಳೋಕೆ. ಈಗ ಏನೂ ಇಲ್ಲ. ನೀನೇ ಏನಾದ್ರೂ ಹೇಳು.”

ಕೋಪದಿಂದ ಹೇಳಿದ್ದಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಅವಳ ಕೈ ಹಿಡಿದುಕೊಂಡೆ, ಬಿಡಿಸಿಕೊಳ್ಳಲಿಲ್ಲ.

ಈಗ ಮನೆ. ಎದೆ ಹೊಡೆದುಕೊಳ್ಳುತ್ತಿದೆ. ಉಸಿರು ಒಳಗೆ… ಒಂದು… ಎರಡು… ಆ ಶುಕ್ರವಾರವೂ ಇದೇ ರಸ್ತೆ, ಇದೇ ಜಾಮ್ ಇದ್ದಿರಬೇಕು. ಪಕ್ಕದ ಸೀಟು ಖಾಲಿ. ಅಷ್ಟು ಹೊತ್ತು ಅವಳು ಯಾರ ಹತ್ತಿರ ಹೇಳಿಕೊಂಡಳು—