ಅವ್ವನ ನೀರಿನ ಬಾಟಲಿ

ಕಂಪಲಾಪುರ
ಶುಕ್ರವಾರ

ಡಾ. ಶಶಿಕಾಂತ್ ಅವರಿಗೆ,

ನಾನು ಪೂರ್ವಿಯ ಸೋದರತ್ತೆ. ಆರು ವರ್ಷದ ನಮ್ಮ ಹುಡುಗಿಯ ಹೃದಯದಲ್ಲಿ ರಂಧ್ರವಿದೆ. ಕಳೆದ ತಿಂಗಳು ನೀವು ಬಣ್ಣದ ಔಷಧಿ ಚುಚ್ಚಿ ಅವಳಿಗೆ ಸ್ಕ್ಯಾನ್ ಮಾಡಿಸಿದಿರಿ.

ಬೆಳಿಗ್ಗೆ ಎಂಟಕ್ಕೆ ಎಂದಿದ್ದು ಸಂಜೆ ನಾಲ್ಕಕ್ಕೆ ಆಯಿತು. ಅಲ್ಲಿಯವರೆಗೂ ಅವಳ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. "ಮಗ ಒಣಗೋಯ್ತದೆ ಕಣವ್ವ, ಒಂದು ಗುಟುಕು ಕುಡುಸ್ತೀನಿ ಬುಡು," ಎಂದು ನಮ್ಮವ್ವ ಬಾಟಲಿ ಹಿಡಿದು ಮೂರು ಸಲ ಕೇಳಿದಳು. ಬೇಡ ಎಂದವಳು ನಾನು. ನಿಮ್ಮ ಇಂಗ್ಲಿಷ್ ಚೀಟಿ ಓದಬಲ್ಲವಳು ಅಲ್ಲಿ ನಾನೊಬ್ಬಳೇ. ಏನೂ ಕೊಡಬಾರದು ಎಂದು ಅದರಲ್ಲಿತ್ತು. ತಡವಾದರೆ ಏನು ಮಾಡಬೇಕೆಂದು ಇರಲಿಲ್ಲ. ಕೇಳಿದ್ದಕ್ಕೆ ನಿಮ್ಮ ಸಿಸ್ಟರ್, "ಇರ್ರೀ, ಕರೀತೀವಿ," ಎಂದರು.

ಮರುದಿನ ಮಗು ಮೂತ್ರ ಮಾಡಲಿಲ್ಲ. "ಭಯಕ್ಕೆ ಕಣಮ್ಮ," ಎಂದರು ವಾರ್ಡಿನ ಸಿಸ್ಟರ್. ಮೂರನೆಯ ದಿನ ಮುಖ ಊದಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ಕಿಡ್ನಿಗೆ ಪೆಟ್ಟಾಗಿದೆ ಎಂದಿರಿ. ನೀರಿಲ್ಲದೆ ಬಳಲಿದ ಮೈಗೆ ಆ ಔಷಧಿಯಿಂದ ಅಪಾಯ ಹೆಚ್ಚು ಎಂದು ಆಗ ಹೇಳಿದಿರಿ. ನಿಮಗದು ಮೊದಲೇ ಗೊತ್ತಿತ್ತು.

ಇದರಲ್ಲಿ ನನ್ನ ತಪ್ಪೆಷ್ಟು ಎಂದು ದಿನವೂ ಕೇಳಿಕೊಳ್ಳುತ್ತೇನೆ. ನೀವು ಒಮ್ಮೆಯಾದರೂ ಕೇಳಿಕೊಂಡಿರಾ?

ಆಪರೇಷನ್‌ಗೆ ಮೊದಲು ಇನ್ನೊಂದು ಸ್ಕ್ಯಾನ್ ಬೇಕೇ ಬೇಕು ಎಂದಿದ್ದೀರಿ. ಮಂಗಳವಾರ ಬರುತ್ತೇವೆ. ಮೊದಲು ಕಿಡ್ನಿಯ ರಕ್ತ ಪರೀಕ್ಷೆ ಮಾಡಿಸಿ. ಎಷ್ಟು ಗಂಟೆಯವರೆಗೆ ನೀರು ಕೊಡಬಹುದೆಂದು ಕನ್ನಡದಲ್ಲಿ ಬರೆದು ಸಹಿ ಹಾಕಿ. ತಡವಾಗುವುದಾದರೆ ಡ್ರಿಪ್ ಹಾಕಿಸಿ.

ಅವ್ವ ಬಾಟಲಿ ತರುತ್ತಾಳೆ. ಬೇಡ ಎನ್ನಬೇಕಾದರೆ ನೀವೇ ಬಂದು ಅವಳಿಗೆ ಹೇಳಿ, ಯಾಕೆಂದೂ ಹೇಳಿ. ನಾನು ಹೇಳುವುದಿಲ್ಲ.

ಇಂತಿ,
ನೀಲಾಂಬಿಕೆ