ವಿಯೆನ್ನಾಕ್ಕೆ ಹೋಗಿ ಮರಳಿದ ಕೊಲಾಚ್

ಓರ್ಹೇಯ್,
17 ಫೆಬ್ರವರಿ 2013, ಭಾನುವಾರ

ಮಗಳೇ ಝೀನಾ,

ಈ ಕಾಗದ ಬರೆಯುವುದು ನನಗೆ ಸುತರಾಂ ಇಷ್ಟವಿಲ್ಲ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ವೈನಿನ ಪೀಪಾಯಿ ಕಟ್ಟಲು ಕೂತವನು ನಾನು, ಈ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ. ಪಕ್ಕದ ಮನೆಯ ಆನೀಕಾ ಬಲವಂತ ಮಾಡಿ ಕೂರಿಸಿದ್ದಾಳೆ. ಫೋನಿನಲ್ಲೇ ಹೇಳುತ್ತೇನೆ ಎಂದರೆ ಬಿಡಲಿಲ್ಲ. “ಫೋನಲ್ಲಿ ನೀವು ಬೈತೀರ, ಅವಳು ಅಳ್ತಾಳೆ, ಹೇಳಬೇಕಾದ್ದು ಹಾಗೇ ಉಳಿಯುತ್ತೆ. ಬರೀರಿ. ಬರೆಯೋ ಹೊತ್ತಿಗೆ ಅರ್ಧ ಸಿಟ್ಟಾದ್ರೂ ಸುಸ್ತಾಗುತ್ತೆ” ಎಂದಳು. ಈಗ ಒಲೆಯ ಪಕ್ಕ ಕೂತು ಆಕ್ರೋಟ ಒಡೆಯುತ್ತಿದ್ದಾಳೆ. ನಾನು ಎದ್ದರೆ ಸುತ್ತಿಗೆ ತೋರಿಸುತ್ತಾಳೆ.

ನೀನು ಹೇಗಿದ್ದೀಯ? ನೀನು ನೋಡಿಕೊಳ್ಳುವ ಆ ಮುದುಕಿಯನ್ನು ಎತ್ತಿ ಎತ್ತಿ ಸೊಂಟ ಹಿಡಿದಿದೆ ಎಂದಿದ್ದೆಯಲ್ಲ, ಉಣ್ಣೆಯ ಪಟ್ಟಿ ಬಿಗಿಯಾಗಿ ಕಟ್ಟಿಕೋ, ನಾಚಿಕೆ ಪಡಬೇಡ. ನನ್ನದು ಕೇಳಬೇಡ. ಕೆಮ್ಮು ಇದೆ, ಈ ವರ್ಷದ ವೈನೂ ಚೆನ್ನಾಗಿದೆ, ಒಂದಕ್ಕೊಂದು ಸರಿಹೋಗುತ್ತದೆ. ಗ್ರಿಗೋರೆಯ ವ್ಯಾನಿನಲ್ಲಿ ನೀನು ಕಳಿಸಿದ ಗಂಟು ಬಂತು. ಕಾಫಿ, ಸೋಪು ಎಲ್ಲ ಸರಿಯಾಗಿವೆ. ಬೂಟು ಮಾತ್ರ ಈ ಸಲವೂ ಇಲಿಂಕಾಗೆ ಚಿಕ್ಕದು. ಎಷ್ಟೋ ವರ್ಷದಿಂದ ಚಿಕ್ಕದೇ ಬರುತ್ತಿದೆ. “ಅಮ್ಮಂಗೆ ಹೇಳ್ಬೇಡ ತಾತಾ, ಪಾಪ ಬೇಜಾರಾಗ್ತಾಳೆ” ಎಂದು ನನ್ನ ಬಾಯಿ ಕಟ್ಟಿ, ಹಾಕಿಕೊಳ್ಳದೆ ಆನೀಕಾಳ ಮೊಮ್ಮಗಳಿಗೆ ಕೊಟ್ಟುಬಿಡುತ್ತಾಳೆ. ಇವತ್ತು ಹೇಳಿಬಿಟ್ಟೆ. ಬೇಜಾರಾದರೆ ಆಗಲಿ.

ಈಗ ಸುದ್ದಿ. ನಿನ್ನ ಮಗಳಿಗೆ ಮದುವೆ. ಈಸ್ಟರ್ ಮುಗಿದ ಮುಂದಿನ ಭಾನುವಾರ, ಇಲ್ಲೇ ನಮ್ಮ ಅಂಗಳದಲ್ಲಿ. ಹುಡುಗನ ಹೆಸರು ಸಾಂದು, ಕಿಶಿನೌನಲ್ಲಿ ಲಿಫ್ಟ್ ರಿಪೇರಿ ಮಾಡುತ್ತಾನೆ. ಮಾತು ಕಮ್ಮಿ, ಊಟ ಜಾಸ್ತಿ, ಒಳ್ಳೆಯವನು. ಹೆತ್ತವಳಿಗೆ ಇದು ಕಾಗದದಲ್ಲಿ, ಅದೂ ನನ್ನಂಥವನ ಕೈಯಿಂದ ತಿಳಿಯಬೇಕಾಯಿತಲ್ಲ ಎಂದುಕೊಳ್ಳುತ್ತೀಯ. ಹೀಗಾಗಬೇಕೆಂದು ಯಾರೂ ಅಂದುಕೊಂಡಿರಲಿಲ್ಲ. ತಾನೇ ಬಂದು ಕರೆಯಬೇಕು ಎಂದು ಇಲಿಂಕಾ ಹಟ ಹಿಡಿದಿದ್ದಳು. “ಫೋನಲ್ಲಿ ಹೇಳಿದ್ರೆ ಬರೀ ಸುದ್ದಿ ಆಗುತ್ತೆ ತಾತಾ. ಎದುರಿಗೆ ಕೊಲಾಚ್ ಬ್ರೆಡ್ಡು ಇಟ್ಟು ಹೇಳಿದ್ರೆ ಕರೆದ ಹಾಗೆ ಆಗುತ್ತೆ” ಎಂದಳು. ಮಾತು ಸರಿಯೇ. ನಮ್ಮಲ್ಲಿ ಬ್ರೆಡ್ಡಿಲ್ಲದೆ ಬಾಗಿಲಿಗೆ ಹೋಗಿ ಮದುವೆಗೆ ಬನ್ನಿ ಎಂದರೆ ನಾಯಿಯೂ ಬರುವುದಿಲ್ಲ. ಜನವರಿ ಕೊನೆಗೆ ಅವಳಿಗೆ ನೀನಿರುವ ವಿಯೆನ್ನಾದ ವಿಮಾನದಲ್ಲೇ ಡ್ಯೂಟಿ ಬಿತ್ತು. ಸಂಜೆ ಹೋಗಿ ಇಳಿದರೆ ರಾತ್ರಿ ಅಲ್ಲೇ ಹೋಟೆಲು, ಮಾರನೆಯ ಮಧ್ಯಾಹ್ನದವರೆಗೆ ಬಿಡುವು. ಆನೀಕಾ ಹಿಟ್ಟನ್ನು ಜಡೆಯಂತೆ ಹೆಣೆದು ದುಂಡನೆಯ ಕೊಲಾಚ್ ಬೇಯಿಸಿಕೊಟ್ಟಳು. ನಿನ್ನ ಅಮ್ಮ ಕಸೂತಿ ಹಾಕಿದ ಟವೆಲಿನಲ್ಲಿ ಸುತ್ತಿ, ಗಗನಸಖಿಯರ ಆ ಚಕ್ರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋದಳು.

ಮಾರನೆಯ ಸಂಜೆ ಮನೆಗೆ ಬಂದಳು. ಪೆಟ್ಟಿಗೆ ತೆರೆದಾಗ ನೋಡಿದೆ, ಕೊಲಾಚ್ ಹಾಗೇ ಟವೆಲಿನಲ್ಲಿದೆ.

ಕರೆಯಲು ಹೋದ ಬ್ರೆಡ್ಡು ಮುರಿಯದೆ ಮನೆಗೆ ಬಂತೆಂದರೆ ಕರೆಯ ಬೇಡವೆಂದ ಹಾಗೆ, ನಿನಗೆ ಹೇಳಬೇಕಾಗಿಲ್ಲ. ನೀನು ಬಾಗಿಲು ತೆರೆಯಲಿಲ್ಲವೆಂದುಕೊಂಡು ನಾನು ಏನೇನೋ ಕೂಗಾಡಿದೆ. ಅವಳು ಕೋಟನ್ನೂ ಬಿಚ್ಚದೆ ನನ್ನ ಬೈಗುಳ ಮುಗಿಯುವವರೆಗೆ ನಿಂತಿದ್ದು, ಆಮೇಲೆ “ಸಿಕ್ಕಿದ್ಲು ತಾತಾ. ಅಮ್ಮ ಸಿಕ್ಕಿದ್ಲು” ಎಂದಳು.

ಬೆಳಗ್ಗೆಯೇ ಹೊರಟಳಂತೆ. ಜೊತೆಯ ಹುಡುಗಿಯರು ಅರಮನೆ ನೋಡಲು ಕರೆದರೆ ಹೋಗಲಿಲ್ಲ. ನೀನು ಗಂಟಿನ ಮೇಲೆ ಬರೆಯುವ ವಿಳಾಸ ಹಿಡಿದುಕೊಂಡು, ಟ್ರಾಮಿನಿಂದ ಬೇಕೆಂದೇ ಮೊದಲೇ ಇಳಿದು ನಡೆದಳಂತೆ. ಎಂಥ ಚಳಿ! ಉಸಿರು ಮಫ್ಲರಿನ ಮೇಲೆಯೇ ಹೆಪ್ಪುಗಟ್ಟುತ್ತಿತ್ತಂತೆ. ಏನು ನೋಡಿದೆ ಎಂದು ಕೇಳಿದೆ. ಬಣ್ಣದ ಹೆಂಚಿನ ದೊಡ್ಡ ಚರ್ಚಿನ ಬಗ್ಗೆ ಒಂದು ಮಾತೂ ಇಲ್ಲ. ಅವಳು ನೋಡಿದ್ದು ನಿನ್ನ ಬೀದಿ. ಯಾವ ಅಂಗಡಿಯಲ್ಲಿ ಅಮ್ಮ ಬ್ರೆಡ್ಡು ತೆಗೆದುಕೊಳ್ಳುತ್ತಾಳೋ, ಕಾಲು ನೋಯುವಾಗ ಯಾವ ಬೆಂಚಿನ ಮೇಲೆ ಕೂರುತ್ತಾಳೋ, ನಮಗೆ ಫೋನು ಮಾಡುತ್ತಿದ್ದ ಡಬ್ಬಿ ಯಾವುದೋ. ಒಂದು ಬೇಕರಿಗೆ ಹೋಗಿ, ಏನೂ ಬೇಡದಿದ್ದರೂ ಬನ್ನು ಕೊಂಡು, ನಿಂತೇ ತಿಂದಳಂತೆ. “ಅಮ್ಮ ಇಲ್ಲಿಗೆ ಬರ್ತಾಳೆ ಅನ್ನಿಸ್ತು” ಎಂದಳು. ನೀನು ಆ ಬೇಕರಿಗೆ ಹೋಗುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೋಗದಿದ್ದರೂ ಹೋಗುತ್ತೇನೆ ಎಂದೇ ಬರೆ.

ನಿನ್ನ ಬೀದಿಯ ತಿರುವಿನಲ್ಲಿ ಒಬ್ಬಳು ಹೆಂಗಸು ಮುದುಕಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದಳು. ಗಾಲಿ ಟ್ರಾಮಿನ ಹಳಿಯ ಸಂದಿಗೆ ಸಿಕ್ಕಿಕೊಂಡಿತು. ಒಬ್ಬಳು ಹುಡುಗಿ ಓಡಿ ಬಂದು ಮುಂದಿನಿಂದ ಎತ್ತಿಕೊಟ್ಟಳು. ಉದ್ದನೆಯ ನೀಲಿ ಕೋಟು, ಟೋಪಿ, ಮೂಗಿನವರೆಗೆ ಮಫ್ಲರು. ಜ್ಞಾಪಕ ಬಂತೇ, ಝೀನಾ? ನೀನು ಆ ಊರಿನ ಭಾಷೆಯಲ್ಲಿ ಉಪಕಾರವಾಯಿತು ಎಂದೆ. ಅವಳು ಅಲ್ಲೇ ನಿಂತಿದ್ದಳು. ಎತ್ತುವಾಗ ಅವಳ ಮಫ್ಲರು ಜಾರಿತ್ತು. ನೀನು ಕೈಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ಅದನ್ನು ಸುತ್ತಿ, ತುದಿಯನ್ನು ಕೋಟಿನೊಳಗೆ ತುರುಕಿ, “ಕತ್ತು ಮುಚ್ಕೋ ಮಗೂ, ಚಳಿ” ಎಂದೆ. ಆಮೇಲೆ ಮುದುಕಿಯನ್ನು ತಳ್ಳಿಕೊಂಡು ಹೊರಟುಹೋದೆ.

ತಾನು ಯಾರೆಂದು ಇಲಿಂಕಾ ಹೇಳಲೇ ಇಲ್ಲ. ನನಗೆ ರೇಗಿತು. “ನಿಂಗೆ ಬಾಯಿರ್ಲಿಲ್ವೇನೇ? ವಿಮಾನದಲ್ಲಿ ದಿನಾ ಅಷ್ಟು ಜನಕ್ಕೆ ಬೆಲ್ಟ್ ಕಟ್ಕೊಳ್ಳಿ, ಸೀಟ್ ನೆಟ್ಟಗೆ ಮಾಡ್ಕೊಳ್ಳಿ ಅಂತೀಯಲ್ಲ!” ಎಂದೆ. “ಅದಕ್ಕೆ ಮಾತು ಅವರೇ ಬರೆದು ಕೊಟ್ಟಿರ್ತಾರೆ ತಾತಾ” ಎಂದಳು. ಕೋಟಿನ ಗುಂಡಿ ಬಿಚ್ಚುತ್ತ, “ನನ್ನ ಮುಖ ನೋಡಿದ್ಲು. ಪೂರ್ತಿ ನೋಡಿದ್ಲು. ಒಂದು ಕ್ಷಣ ಗುರುತು ಸಿಕ್ತೇನೋ ಅಂದ್ಕೊಂಡೆ. ಇಲ್ಲ, ಅವಳು ಎಲ್ಲರನ್ನೂ ಹಾಗೇ ನೋಡ್ತಾಳೇನೋ” ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಗುರುತು ಹಿಡಿಯಲಿಲ್ಲವೆಂದು ನಿನ್ನನ್ನು ಬೈಯಲೆಂದೇ ಈ ಕಾಗದ ಶುರುಮಾಡಿದ್ದು. ಇಲ್ಲಿಗೆ ಬರುವಷ್ಟರಲ್ಲಿ ಬೈಯಲು ಬಾಯಿ ಬರುತ್ತಿಲ್ಲ. ನೀನು ಹೋದಾಗ ಅವಳಿಗೆ ಆರು ವರ್ಷ, ಮುಂದಿನ ಹಲ್ಲು ಬಿದ್ದಿತ್ತು. ಈಗ ಕೂದಲು ಕತ್ತರಿಸಿ ಗೋಧಿಯ ಬಣ್ಣ ಹಾಕಿಸಿಕೊಂಡಿದ್ದಾಳೆ, ನನಗಿಂತ ಎತ್ತರ. ಹೆತ್ತ ಮಗಳು ರಸ್ತೆಯಲ್ಲಿ ಎದುರಾಗುತ್ತಾಳೆಂದು ಯಾವ ತಾಯಿ ಅಂದುಕೊಂಡಿರುತ್ತಾಳೆ? ಹಾಗಂತ ಅವಳಿಗೂ ಹೇಳಿದೆ. “ಗೊತ್ತು ತಾತಾ, ಅವಳ ತಪ್ಪಿಲ್ಲ” ಎಂದಳು. ತಪ್ಪಿಲ್ಲ ಎನ್ನುವವಳ ಹತ್ತಿರ ಜಗಳ ಆಡುವುದು ಹೇಗೆ ಹೇಳು?

ಆದರೆ ಅವತ್ತಿನಿಂದ ಇಲಿಂಕಾ ನಿನ್ನನ್ನು ಕರೆಯುವ ಮಾತು ಎತ್ತುವುದಿಲ್ಲ. ಮದುವೆಯ ಬೆಳಗ್ಗೆ ಹುಡುಗಿ ಮನೆ ಬಿಡುವ ಮೊದಲು ದಿಂಬಿನ ಮೇಲೆ ಮಂಡಿಯೂರಿ, ಕುರ್ಚಿಯಲ್ಲಿ ಕೂತ ಅಪ್ಪ ಅಮ್ಮನ ಹತ್ತಿರ ತಪ್ಪಾಗಿದ್ದರೆ ಮನ್ನಿಸಿ ಎಂದು ಕೇಳಿ ಹೋಗಬೇಕಲ್ಲ. ಅವಳಪ್ಪ ಮಾಸ್ಕೋದಲ್ಲಿ ಬೇರೆ ಸಂಸಾರ ಹೂಡಿದವನು, ಅವನ ಕುರ್ಚಿಯಲ್ಲಿ ನಾನು ಕೂರುತ್ತೇನೆ. ಪಕ್ಕದ ಕುರ್ಚಿಯಲ್ಲಿ ಆನೀಕಾ ಕೂರಲಿ ಎಂದಳು ನಿನ್ನ ಮಗಳು, ತರಕಾರಿಯ ವಿಷಯ ಮಾತಾಡುವಂತೆ. ಆನೀಕಾ ಕೈಯಲ್ಲಿದ್ದ ಪಾತ್ರೆ ಕುಕ್ಕಿ ಎದ್ದಳು. “ನಿನ್ನ ಜಡೆ ಹೆಣೆದಿದ್ದೀನಿ, ಜ್ವರ ಬಂದಾಗ ರಾತ್ರಿ ಕೂತಿದ್ದೀನಿ, ಬೇಕಾದ್ರೆ ಮದುವೆ ಅಡುಗೆಯೆಲ್ಲಾ ಮಾಡ್ತೀನಿ. ತಾಯಿ ಬದುಕಿರುವಾಗ ಅವಳ ಕುರ್ಚಿಯಲ್ಲಿ ಕೂತ್ಕೊಳ್ಳೋಲ್ಲ, ಹೋಗು” ಎಂದಳು. “ಹಾಗಾದ್ರೆ ಖಾಲಿ ಇರ್ಲಿ” ಎಂದು ಇಲಿಂಕಾ ಎದ್ದುಹೋದಳು.

ಖಾಲಿ ಕುರ್ಚಿಯ ಮುಂದೆ ಆ ಹುಡುಗಿ ಮಂಡಿಯೂರುವುದನ್ನು ನಾನು ನೋಡಲಾರೆ, ಝೀನಾ. ನಿನ್ನ ಅಮ್ಮನ ಮಣ್ಣಿಗೆ ನೀನು ಬರಲಿಲ್ಲ. ಆಗ ನಿನ್ನ ಹತ್ತಿರ ಆ ದೇಶದ ಕಾಗದಪತ್ರ ಇರಲಿಲ್ಲ, ನಾನು ತುಟಿ ಬಿಚ್ಚಲಿಲ್ಲ. ಈಗ ಎಲ್ಲ ಇದೆ. ಮುದುಕಿಯನ್ನು ಬಿಟ್ಟು ಬರಲಾಗುವುದಿಲ್ಲ ಎಂದು ಪ್ರತಿ ವರ್ಷ ಹೇಳುತ್ತೀಯ. ಆ ಮುದುಕಿಗೂ ಮಕ್ಕಳಿರಬೇಕಲ್ಲ, ಒಂದು ವಾರ ಅವರು ತಳ್ಳಲಿ ಕುರ್ಚಿ.

ಕೊನೆಗೆ ಒಳ್ಳೆಯ ಮಾತು ಬರೆದಿರಾ ಎಂದು ಆನೀಕಾ ಕೇಳುತ್ತಾಳೆ, ಅದಕ್ಕೆ ಬರೆಯುತ್ತಿದ್ದೇನೆ. ದೇವರು ನಿನ್ನ ಸೊಂಟಕ್ಕೂ ಮನಸ್ಸಿಗೂ ಬಲ ಕೊಡಲಿ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಪ್ಪ,
ಹರಲಾಂಬಿ

ಮರೆತಿದ್ದೆ: ಈ ಕಾಗದದ ವಿಷಯ ಇಲಿಂಕಾಗೆ ಗೊತ್ತಿಲ್ಲ. ಯಾರಿಗೂ ಹೇಳಬೇಡ ಎಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಳು, ಮುರಿದಿದ್ದೇನೆ. ಅವಳ ಈಗಿನ ಫೋಟೋ ಒಳಗಿಟ್ಟಿದ್ದೇನೆ. ಹಾಸಿಗೆಯ ಪಕ್ಕ ಇಟ್ಟುಕೊಂಡು ಏಳುವಾಗ ಮಲಗುವಾಗ ನೋಡು. ನೀನು ಬರುವ ದಿನ ಅವಳೊಬ್ಬಳನ್ನೇ ವಿಮಾನ ನಿಲ್ದಾಣಕ್ಕೆ ಕಳಿಸುತ್ತೇನೆ, ಯಾರು ಬರುತ್ತಾರೆಂದು ಹೇಳುವುದಿಲ್ಲ. ಅಷ್ಟು ಜನರ ನಡುವೆ ನೀನೇ ಮೊದಲು ಅವಳ ಹೆಸರು ಹಿಡಿದು ಕೂಗಬೇಕು. ಬರುತ್ತೀಯೋ ಇಲ್ಲವೋ, ಮಾರ್ಚ್ ಹತ್ತರೊಳಗೆ ಗ್ರಿಗೋರೆಯ ಕೈಯಲ್ಲಿ ಬರೆದು ಕಳಿಸು.